ಮುಂಬಯಿಯಲ್ಲಿ ನೋಡತಕ್ಕದ್ದು

ಹಳೇಬೀಡು
೬ ಸೆಪ್ಟೆಂಬರ್ ೧೯೯೮

ಯದು,

ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹಾಸನದ ಟಿ.ಸಿ.ಎಚ್. ಹಾಸ್ಟೆಲಿನಲ್ಲಿ ನಿನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಭಾಗ್ಯ ನಾನು. ನಿನ್ನ ಪಾಠಟಿಪ್ಪಣಿ ನಕಲು ಮಾಡಿ ಪಾಸಾದವಳು ಎಂದರೆ ಬೇಗ ನೆನಪಾದೀತು. ಮೊನ್ನೆ ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ತಂದೆ ಸುಬ್ಬರಾಮಯ್ಯನವರು ಸಿಕ್ಕಿದ್ದರು. "ಯದುಗಿರಿ ಮುಂಬಯಿಯಲ್ಲಿ ಸಮುದ್ರ ಕಾಣೋ ಫ್ಲಾಟಿನಲ್ಲಿದಾಳಮ್ಮ, ಅಳಿಯಂದಿರು ಮ್ಯಾನೇಜರು" ಎಂದು ಹೇಳಿ, ಬಸ್ ಟಿಕೆಟಿನ ಹಿಂದೆ ವಿಳಾಸ ಬರೆದುಕೊಟ್ಟರು.

ನಾನು ಹಳೇಬೀಡಿನ ಹತ್ತಿರದ ಶಾಲೆಯಲ್ಲಿ ಮೇಡಂ. ಯಜಮಾನರು ರವಿಕುಮಾರ್ ಅರಸೀಕೆರೆಯಲ್ಲಿ ಗುಮಾಸ್ತರು. ಮಗಳು ಧನುಶ್ರೀಗೆ ಎಂಟು ವರ್ಷ. ನಮ್ಮಪ್ಪ ದ್ಯಾವಯ್ಯನವರನ್ನು ನೀನು ಒಂದು ಸಲ ನೋಡಿದ್ದೀಯ, ಹಾಸ್ಟೆಲಿಗೆ ಕೊಬ್ಬರಿ ಮಿಠಾಯಿ ತಂದಿದ್ದರು. ಅರಸೀಕೆರೆ ಜಂಕ್ಷನ್ನಿನಲ್ಲಿ ಗ್ಯಾಂಗ್‌ಮನ್ ಆಗಿದ್ದು ಈಗ ರಿಟೈರಾಗಿದ್ದಾರೆ. ವರ್ಷಕ್ಕೊಂದು ರೈಲ್ವೆ ಪಾಸು ಸಿಗುತ್ತದೆ. "ಮೂವತ್ಮೂರು ವರ್ಸ ಕಂಬಿ ಕಾದಿವ್ನಿ. ಈ ಕಂಬಿ ಬೊಂಬಾಯಿಗೆ ಹೋಯ್ತದೆ ಅಂತಾರೆ. ನಾನು ಕಡೂರು ದಾಟಿಲ್ಲ ಕಣವ್ವ" ಎನ್ನುತ್ತಿದ್ದಾರೆ. ಡಿಸೆಂಬರ್ ಮೊದಲ ವಾರ ಅವರನ್ನೂ ಧನುಶ್ರೀಯನ್ನೂ ಕರೆದುಕೊಂಡು ಮುಂಬಯಿಗೆ ಬರುವ ಯೋಚನೆ ಇದೆ.

ನಾಲ್ಕು ದಿನದಲ್ಲಿ ಏನೇನು ನೋಡಬಹುದು, ಮಗುವಿಗೆ ಖುಷಿಯಾಗುವಂಥದ್ದು ಏನಿದೆ, ಎಲ್ಲಿ ಏನು ತಿನ್ನಬೇಕು, ಬರೆದು ತಿಳಿಸು. ಊರಿನವಳೇ ಹೇಳಿದರೆ ಧೈರ್ಯ. ಒಂದು ಹೊತ್ತು ಬ್ಯಾಗು ಇಟ್ಟು, ಮುಖ ತೊಳೆಯುವುದಕ್ಕೆ ಒಂದು ಜಾಗವಿದ್ದರೂ ಸಾಕು. ಯೋಚನೆ ಮಾಡಬೇಡ, ತೊಂದರೆ ಕೊಡುವುದಿಲ್ಲ.

ಭಾಗ್ಯ


ಮಾಟುಂಗಾ, ಮುಂಬಯಿ
೨೭ ಸೆಪ್ಟೆಂಬರ್ ೧೯೯೮

ಭಾಗ್ಯ,

ಕಾಗದ ಬಂತು. ನಿನ್ನ ಅಕ್ಷರ ಇನ್ನೂ ಕಪ್ಪೆ ಕುಣಿದ ಹಾಗೇ ಇದೆ. ಅದನ್ನು ನೋಡಿ ಕಲಿಯುತ್ತಿರುವ ಮಕ್ಕಳು ಪಾಪ.

ಊರಿನಿಂದ ಬರುವವರೆಲ್ಲ ಕೇಳುವುದು ಇದೇ ಪ್ರಶ್ನೆ, ಏನು ನೋಡಬೇಕು ಅಂತ. ಹೇಳುತ್ತೇನೆ, ಬರೆದುಕೋ. ಗೇಟ್‌ವೇ ಆಫ್ ಇಂಡಿಯಾ ಬಿಟ್ಟರೆ ನಿಮ್ಮವರಿಗೆ ಮುಂಬಯಿ ನೋಡಿದ ಹಾಗಾಗುವುದಿಲ್ಲ. ಒಂದು ದೊಡ್ಡ ಬಾಗಿಲು, ಹಿಂದೆ ಮನೆ ಇಲ್ಲ. ಅದರ ಮುಂದೆ ಪಾರಿವಾಳಕ್ಕೆ ಕಾಳು ಎರಚಿ ಫೋಟೋ ತೆಗೆಸಿಕೊಳ್ಳುತ್ತಾರೆ. ಹಳೇಬೀಡಿನ ಗುಡಿಯಲ್ಲಿ ಪಾರಿವಾಳ ಇಲ್ಲವೇನೇ? ಆದರೂ ತೆಗೆಸಿಕೊಳ್ಳಿ, ಊರಿನಲ್ಲಿ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದು. ಅಲ್ಲಿಂದ ದೋಣಿಯಲ್ಲಿ ಎಲಿಫೆಂಟಾಕ್ಕೆ ಹೋಗುತ್ತಾರೆ. ಬೇಲೂರು ಹಳೇಬೀಡಿನವರು ಕಲ್ಲಿನ ಮೂರ್ತಿ ನೋಡುವುದಕ್ಕೆ ಸಮುದ್ರ ದಾಟಿ ವಾಂತಿ ಮಾಡಿಕೊಳ್ಳುವುದಾದರೆ ನಿಮ್ಮಿಷ್ಟ.

ಮಗುವಿಗೆ ಹ್ಯಾಂಗಿಂಗ್ ಗಾರ್ಡನ್. ಹೆಸರು ಕೇಳಿ ಬಾಯಿ ಬಿಡಬೇಡ, ಏನೂ ನೇತಾಡುವುದಿಲ್ಲ. ನೀರಿನ ಟ್ಯಾಂಕಿನ ಮೇಲೆ ಗಿಡ ಬೆಳೆಸಿ, ಆನೆ ಒಂಟೆಯ ಹಾಗೆ ಕತ್ತರಿಸಿದ್ದಾರೆ. ಎದುರಿಗೆ ಬೂಟಿನ ಆಕಾರದ ಮನೆ ಇದೆ. ಹತ್ತಿ ಕಿಟಕಿಯಲ್ಲಿ ಕೈ ಬೀಸಿದರೆ ಮಕ್ಕಳ ಜನ್ಮ ಪಾವನ. ಚರ್ನಿ ರೋಡ್ ಹತ್ತಿರ ಗಾಜಿನ ಪೆಟ್ಟಿಗೆಯಲ್ಲಿ ಮೀನು ಇಟ್ಟಿರುವ ಅಕ್ವೇರಿಯಂ ಇದೆ. ಸೋಮವಾರ ಹೋಗಿ, ಜನ ಕಡಿಮೆ. ಸಂಜೆ ಚೌಪಾಟಿಯಲ್ಲಿ ಭೇಲ್‌ಪುರಿ ತಿನ್ನಬೇಕು. ಅರಸೀಕೆರೆ ಸ್ಟೇಷನ್ನಿನಲ್ಲಿ ಪೊಟ್ಟಣದಲ್ಲಿ ಕೊಡುವ ಖಾರದ ಪುರಿಗೆ ಹುಣಸೆ ನೀರು ಹಾಕಿ ಮೂರರಷ್ಟು ಬೆಲೆ ಹೇಳುತ್ತಾರೆ. ಅದಕ್ಕೇ ಜನ ಸಾಯುತ್ತಾರೆ. ಸಿನಿಮಾದವರ ಮನೆ ತೋರಿಸುವ ಬಸ್ಸೂ ಇದೆ. ತೋರಿಸುವುದು ಕಾಂಪೌಂಡು ಗೋಡೆ. ನಿಮ್ಮ ತಂದೆಗೆ ಡಬ್ಬಲ್ ಡೆಕ್ಕರ್ ಬಸ್ಸಿನ ಮೇಲಿನ ಮುಂದಿನ ಸೀಟು ಹಿಡಿದುಕೊಡು. ಇಡೀ ಮುಂಬಯಿ ತಮ್ಮದೇ ಅನ್ನಿಸುತ್ತದೆ, ಇಳಿಯುವ ತನಕ.

ನಾವು ಇದನ್ನೆಲ್ಲ ನೋಡಿ ನೋಡಿ ಸಾಕಾಗಿದೆ. ನಮ್ಮ ಕಿಟಕಿಯಿಂದಲೇ ಸಮುದ್ರ ಕಾಣುವಾಗ ಚೌಪಾಟಿಗೆ ಯಾರು ಹೋಗುತ್ತಾರೆ?

ಬ್ಯಾಗು ಇಡುವ ವಿಚಾರ: ಡಿಸೆಂಬರಿನಲ್ಲಿ ನಮ್ಮ ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ಕಾಲಿಡಲು ಜಾಗವಿರುವುದಿಲ್ಲ. ಸ್ಟೇಷನ್ನಿನಲ್ಲಿ ಕ್ಲೋಕ್‌ರೂಮ್ ಇದೆ. ಫೋನ್ ಮಾಡಬೇಡ, ಲೈನು ಕೆಟ್ಟಿದೆ.

ಯದುಗಿರಿ


ಹಳೇಬೀಡು
೧೧ ಅಕ್ಟೋಬರ್ ೧೯೯೮

ಯದು,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಹಿಂದೆ ಮನೆಯಿಲ್ಲದ ಬಾಗಿಲು ಎಂದಾಗ, "ಅಂಗಾದ್ರೆ ಬೀಗ ಯಾಕಿಕ್ತಾರೆ?" ಎಂದು ಕೇಳಿದರು. ಬೀಗವಿಲ್ಲ ಎಂದೆ. "ಮತ್ತೆ ನೋಡಾಕೇನೈತೆ?" ಎಂದರು. ಬೂಟಿನ ಮನೆಗೆ ಮಾತ್ರ ಧನುಶ್ರೀ ಈಗಿನಿಂದಲೇ ದಿನ ಎಣಿಸುತ್ತಿದ್ದಾಳೆ. ಒಂದು ನೋಟ್‌ಬುಕ್ಕಿನಲ್ಲಿ ನೀನು ಬರೆದಿದ್ದನ್ನೆಲ್ಲ ಕಾಪಿ ಮಾಡಿಕೊಂಡಿದ್ದಾಳೆ. ನನಗಿಂತ ಅಕ್ಷರ ಚೆನ್ನಾಗಿದೆ, ಹೆದರಬೇಡ.

ನಿಮ್ಮ ಊರಿನವರು ನಮ್ಮಲ್ಲಿಗೆ ಬಂದಾಗ ಏನು ನೋಡುತ್ತಾರೆ ಗೊತ್ತೆ? ಮೊನ್ನೆ ಮುಂಬಯಿಯಿಂದ ಎರಡು ಬಸ್ಸು ಬಂದಿತ್ತು. ನನ್ನ ಮಕ್ಕಳನ್ನು ಗುಡಿಗೆ ಕರೆದುಕೊಂಡು ಹೋಗಿದ್ದೆ, ಎದುರಿಗೇ ನಡೆಯಿತು. ಅವರು ಮೊದಲು ಕೇಳಿದ್ದು ಕಕ್ಕಸು, ಆಮೇಲೆ ಬಿಸ್ಲೇರಿ. ಗೈಡು ಕಲ್ಲೇಶಪ್ಪ ಕಂಬ ತೋರಿಸಿದರೆ ಬೆರಳಿನಲ್ಲಿ ಟಕಟಕ ಬಡಿದು, ಅದರಿಂದ ಸ್ವರ ಯಾಕೆ ಬರುವುದಿಲ್ಲ ಎಂದು ಜಗಳ ಮಾಡಿದರು. ನಂದಿಯ ಕತ್ತಿಗೆ ಕೈ ಹಾಕಿ ಫೋಟೋ. ಇಪ್ಪತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ಹೋಗುವಾಗ ಒಬ್ಬಳು ನನ್ನ ಮಕ್ಕಳಿಗೆ ಚಾಕಲೇಟು ಎಸೆದಳು, ಕೈಗೆ ಕೊಡಲಿಲ್ಲ. ನಾನು ಮಕ್ಕಳಿಗೆ ಬಗ್ಗಬೇಡಿ ಎಂದೆ. ಇಬ್ಬರು ಬಗ್ಗಿದರು. ಉಳಿದವರು ಬಗ್ಗಲಿಲ್ಲ, ಅದೇ ನನ್ನ ಈ ವರ್ಷದ ಪಾಠ.

ಸ್ಟೇಷನ್ನಿನಲ್ಲಿ ಬ್ಯಾಗು ಇಡುತ್ತೇವೆ, ಬಿಡು. ಹ್ಯಾಂಗಿಂಗ್ ಗಾರ್ಡನ್ನಿಗೆ ಯಾವ ನಂಬರಿನ ಬಸ್ಸು? ಮೀರಜ್‌ನಲ್ಲಿ ಗಾಡಿ ಬದಲಿಸಿ ದಾದರ್‌ನಲ್ಲಿ ಇಳಿಯುತ್ತೇವೆ. ನೀನು ಅಲ್ಲಿ ಯಾವ ಶಾಲೆಯಲ್ಲಿ ಪಾಠ ಮಾಡುತ್ತಿದ್ದೀಯ ಅಂತಲೇ ಬರೆಯಲಿಲ್ಲ. ಫಸ್ಟ್ ರ‍್ಯಾಂಕ್ ಬಂದವಳು ಹೆಡ್‌ಮಿಸ್ ಆಗಿರಬೇಕು ಈಗ.

ಭಾಗ್ಯ


ಮಾಟುಂಗಾ, ಮುಂಬಯಿ
೧ ನವೆಂಬರ್ ೧೯೯೮

ಭಾಗ್ಯ,

ಬಸ್ಸಿನ ನಂಬರುಗಳನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಕಂಡಕ್ಟರನ್ನು ಕನ್ನಡದಲ್ಲಿ ಮಾತಾಡಿಸಲು ಹೋಗಬೇಡ, ಹಾಸ್ಟೆಲಿನ ವಾರ್ಡನ್ ಅಲ್ಲ ಅವನು. ದಾರಿ ಕೇಳಲು ನಿಂತಲ್ಲೇ ನಿಲ್ಲಬೇಡ, ಹಿಂದಿನವರು ಮೇಲೆ ಹತ್ತಿಕೊಂಡು ಹೋಗುತ್ತಾರೆ. ನಿಮ್ಮ ತಂದೆಗೆ ಬೀಡಿ ಸೇದುವ ಅಭ್ಯಾಸವಿದ್ದರೆ ಗಾಡಿಯಲ್ಲೇ ಮುಗಿಸಿ ಬರಲಿ. ಕೊಬ್ಬರಿ, ಚಕ್ಕುಲಿ ಅಂತ ಬಟ್ಟೆಯ ಗಂಟು ಕಟ್ಟಿಕೊಂಡು ಓಡಾಡಬೇಡಿ. ಗಂಟು ಕಂಡರೆ ಇಲ್ಲಿ ಟ್ಯಾಕ್ಸಿಯವರು ಎರಡರಷ್ಟು ಕೇಳುತ್ತಾರೆ.

ಮುಖ್ಯವಾದದ್ದು ಇದು. ದಾದರ್‌ನಲ್ಲಿ ಇಳಿಯುತ್ತೇನೆ ಎಂದಿದ್ದೀಯ, ಡಿಸೆಂಬರ್ ಮೊದಲ ವಾರ ಬೇಡ. ಆರನೇ ತಾರೀಕು ಅಲ್ಲಿ ಒಂದು ಜಾತ್ರೆ ಕೂಡುತ್ತದೆ. ಎಲ್ಲೆಲ್ಲಿಂದಲೋ ಟಿಕೆಟ್ಟಿಲ್ಲದೆ ಗಾಡಿ ತುಂಬಿಕೊಂಡು ಬರುತ್ತಾರೆ. ಬಿಳಿ ಸೀರೆ, ನೀಲಿ ಬಾವುಟ. ಮೈದಾನದಲ್ಲೇ ಅಡಿಗೆ, ಅಲ್ಲೇ ನಿದ್ದೆ, ಉಳಿದದ್ದೆಲ್ಲ ಅಲ್ಲೇ. ನಮ್ಮ ಕಟ್ಟಡದವರು ಮೂರು ದಿನ ಆ ಕಡೆ ತಲೆ ಹಾಕುವುದಿಲ್ಲ. ಹೋದ ಮೇಲೂ ಒಂದು ವಾರ ಗಬ್ಬು ನಾರುತ್ತದಂತೆ. ನೀನು ಓದಿದವಳು, ಸಂಬಳ ತರುವವಳು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಜನರ ನಡುವೆ ಮಗುವನ್ನು ಕರೆದುಕೊಂಡು ಸಿಕ್ಕಿಹಾಕಿಕೊಳ್ಳಬೇಡ. ಒಂದು ವಾರ ಮುಂದೆ ಹಾಕಿಕೋ.

ನಾನು ಕೆಲಸಕ್ಕೆ ಹೋಗುತ್ತಿಲ್ಲ. ಅಗತ್ಯ ಬೀಳಲಿಲ್ಲ.

ಯದುಗಿರಿ


ಮಾಟುಂಗಾ, ಮುಂಬಯಿ
೨೮ ನವೆಂಬರ್ ೧೯೯೮

ಭಾಗ್ಯ,

ನಾಲ್ಕು ವಾರವಾಯಿತು, ಉತ್ತರವಿಲ್ಲ. ಹೊರಡುವುದನ್ನು ನಿಲ್ಲಿಸಿದೆಯೋ ಹೇಗೆ? ನಿಲ್ಲಿಸಿದ್ದರೆ ಒಳ್ಳೆಯದೇ. ಈ ಊರು ಎಲ್ಲರಿಗೂ ಹಿಡಿಸುವುದಿಲ್ಲ. ಆದರೆ ಇಷ್ಟುದ್ದ ಬರೆದು ತಿಳಿಸಿದ್ದಕ್ಕೆ ಒಂದು ಕಾರ್ಡಾದರೂ ಹಾಕುವುದು ಮರ್ಯಾದೆ. ಹಾಸ್ಟೆಲಿನಲ್ಲೂ ಹೀಗೇ, ನೋಟ್ಸು ತೆಗೆದುಕೊಂಡು ಹೋದರೆ ವಾಪಸು ಕೇಳಿಕೊಂಡು ನಾನೇ ಬರಬೇಕಿತ್ತು.

ನಮ್ಮ ಮನೆಗೆ ಬಣ್ಣ ಹೊಡೆಯುವವರು ಬರಲಿಲ್ಲ. ಆದರೂ ಇಲ್ಲಿಗೆ ಬರುವುದು ಬೇಡ, ಅತ್ತೆಯವರಿಗೆ ಮೈ ಸರಿಯಿಲ್ಲ.

ಯದುಗಿರಿ


ಹಳೇಬೀಡು
೨೦ ಡಿಸೆಂಬರ್ ೧೯೯೮

ಶ್ರೀಮತಿ ಯದುಗಿರಿ ನಂದಕಿಶೋರ್ ಅವರಿಗೆ,

ನೀವು ನೋಟ್ಸು ವಾಪಸು ಕೇಳಿದ್ದೀರಿ. ಮುಂಬಯಿ ನೋಡಿಕೊಂಡು ಬಂದೆವು. ಏನೇನು ನೋಡಿದೆವೆಂದು ಒಪ್ಪಿಸುತ್ತೇನೆ.

ಡಿಸೆಂಬರ್ ನಾಲ್ಕರಂದು ದಾದರ್‌ನಲ್ಲೇ ಇಳಿದೆವು. ಬಂದದ್ದೇ ಆರನೇ ತಾರೀಕಿಗೆ, ಬಾಬಾಸಾಹೇಬರು ತೀರಿಕೊಂಡ ದಿನಕ್ಕೆ. ಅದನ್ನು ನಿಮಗೆ ಮೊದಲೇ ಬರೆಯಲಿಲ್ಲ, ಅದು ನನ್ನ ತಪ್ಪು. ಬರೆದರೆ ನೀವು ನಗುತ್ತೀರಿ ಎಂಬ ಅಂಜಿಕೆ ಇತ್ತು. ನಮ್ಮಪ್ಪ ಎಂಟು ವರ್ಷದ ಹಿಂದೆ ಬೌದ್ಧ ದೀಕ್ಷೆ ತೆಗೆದುಕೊಂಡರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ ಬಿಟ್ಟರೆ ಬೇರೆ ಇಲ್ಲ. ನೀವು ಬರೆದ "ಆ ಜನ" ನಾವೇ. ಹಾಸ್ಟೆಲಿನಲ್ಲಿ ಎರಡು ವರ್ಷ ನಿಮ್ಮ ಪಕ್ಕದಲ್ಲಿ ಮಲಗಿದ್ದೆ. ಆಗಲೂ ನಿಮಗೆ ಗೊತ್ತಿತ್ತು. ನಾನು ಸಂಬಳ ತರುವವಳಾದ ಮೇಲೆ ಆ ಜನರಿಂದ ನನ್ನನ್ನು ತೆಗೆದು ಬೇರೆ ಇಟ್ಟಿರಿ, ಅದು ದೊಡ್ಡ ಉಪಕಾರವೆಂದು ತಿಳಿದಿರಿ. ನಿಮ್ಮ ಕಾಗದವನ್ನು ಅಪ್ಪನಿಗೆ ಓದುತ್ತಾ ಆ ಸಾಲಿಗೆ ಬಂದಾಗ ನಾಲಿಗೆ ನಿಂತುಹೋಯಿತು. "ಮುಂದಕ್ಕೆ ಓದವ್ವ" ಎಂದರು. ಅಲ್ಲಿಗೆ ಮುಗಿಯಿತು ಎಂದು ಸುಳ್ಳು ಹೇಳಿದೆ.

ಮೈದಾನದಲ್ಲೇ ಮಲಗಿದೆವು, ಹಾಸನದವರ ಶಾಮಿಯಾನದಲ್ಲಿ. ಅಲ್ಲೇ ಊಟ. ಟಿಕೆಟ್ಟಿಲ್ಲದವರು ಇದ್ದರು, ಹೌದು. ನಮ್ಮಪ್ಪನ ಹತ್ತಿರ ಪಾಸಿತ್ತು, ಎದುರಿಗೆ ಬಂದ ಪ್ರತಿ ಟಿ.ಸಿ.ಗೂ ಕೇಳದೆಯೇ ತೋರಿಸಿದರು. ಬಾಬಾಸಾಹೇಬರ ಸಮಾಧಿ ನೋಡುವ ಸಾಲಿನಲ್ಲಿ ಒಂಬತ್ತು ಗಂಟೆ ನಿಂತೆವು. ನಾಗಪುರದ ಕಡೆಯ ಒಬ್ಬ ಮುದುಕಿ ಧನುಶ್ರೀಯನ್ನು ತನ್ನ ಗಂಟಿನ ಮೇಲೆ ಕೂರಿಸಿಕೊಂಡಳು. ಬೀದಿಯ ಉದ್ದಕ್ಕೂ ಪುಸ್ತಕದ ಅಂಗಡಿ. ಅಷ್ಟು ಪುಸ್ತಕ ಕೊಳ್ಳುವ ಜನರನ್ನು ನಾನು ಟಿ.ಸಿ.ಎಚ್. ಓದಿದವರ ನಡುವೆಯೂ ಕಂಡಿಲ್ಲ. ಅಪ್ಪ ಹತ್ತಿರ ಹೋದಾಗ ಅತ್ತಾರೆಂದು ಕರ್ಚೀಫು ತೆಗೆದಿಟ್ಟುಕೊಂಡಿದ್ದೆ. ಅಳಲಿಲ್ಲ. ರೈಲ್ವೆ ಇನ್ಸ್‌ಪೆಕ್ಷನ್ನಿಗೆ ನಿಲ್ಲುವ ಹಾಗೆ ನೆಟ್ಟಗೆ ನಿಂತು, ಅಂಗಿಯ ಗುಂಡಿ ಸರಿಮಾಡಿಕೊಂಡರು, ಅಷ್ಟೆ. ಹೊರಗೆ ಬಂದು ಮೊದಲ ಸಲ ಸಮುದ್ರ ನೋಡಿದರು. "ಇಷ್ಟು ನೀರಿಟ್ಕಂಡು ಒಂದು ಲೋಟ ಕುಡಿಯಾಕಿಲ್ವಾ! ಇದ್ಯಾವ ಸೀಮೆ ನೀರವ್ವ?" ಎಂದರು.

ಏಳನೇ ತಾರೀಕು ಸೋಮವಾರ ನಿಮ್ಮ ಪಟ್ಟಿ ಹಿಡಿದು ಹೊರಟೆವು. ನೀವು ಕೊಟ್ಟ ನಂಬರಿನ ಬಸ್ಸು ಓಡುವುದು ನಿಂತು ಬಹಳ ವರ್ಷವಾಯಿತಂತೆ. ಕಂಡಕ್ಟರು ಹಾಳೆಯನ್ನು ಇನ್ನೊಬ್ಬನಿಗೆ ತೋರಿಸಿ ನಕ್ಕ. ಅಕ್ವೇರಿಯಂ ಸೋಮವಾರ ರಜಾ. ಗೇಟಿನ ಮೇಲೆ ಬರೆದಿದೆ, ಅಲ್ಲಿಗೆ ಒಂದು ಸಲ ಹೋದವರಿಗೂ ಗೊತ್ತಿರುತ್ತದೆ. ಎಲಿಫೆಂಟಾ ಕೂಡ ಸೋಮವಾರ ಇಲ್ಲ. ಬೂಟಿನ ಮನೆಯ ಒಳಕ್ಕೆ ದೊಡ್ಡವರನ್ನು ಬಿಡುವುದಿಲ್ಲ, ಧನುಶ್ರೀ ಒಬ್ಬಳೇ ಹತ್ತಿ ಕೈ ಬೀಸಿದಳು. ಅವಳಿಗೆ ಖುಷಿಯಾಯಿತು, ಅದನ್ನು ನಿಮ್ಮ ಲೆಕ್ಕಕ್ಕೇ ಬರೆದುಕೊಳ್ಳಿ. ಸಂಜೆಯ ಹೊತ್ತಿಗೆ ನನಗೆ ತಿಳಿದುಹೋಗಿತ್ತು. ಇವುಗಳಲ್ಲಿ ಒಂದನ್ನೂ ನೀವು ಕಣ್ಣಿನಿಂದ ಕಂಡಿಲ್ಲ.

ಮಂಗಳವಾರ ಬೆಳಿಗ್ಗೆ ನಿಮ್ಮ ಮನೆಗೆ ಬಂದೆವು. ಬೇಡ ಎಂದೆ. ಅಪ್ಪ ಕೇಳಲಿಲ್ಲ. "ಊರಿನ ಹೆಣ್ಮಗ್ಳು. ಕೊಬ್ರಿ ತಂದಿವ್ನಿ, ಕೊಟ್ಬುಟ್ಟು ಹೋಗಾನ" ಎಂದರು. ನೀವು ಬೇಡವೆಂದ ಗಂಟೇ ಅದು. ಕಟ್ಟಡದ ಹಿಂದೆ ನಿಂತು ಅಪ್ಪ ಸುತ್ತ ನೋಡಿದರು. "ಸಮುದ್ರ ಎಲ್ಲೈತೆ? ಇಲ್ಲಿ ಲೈನ್ ಐತೆ" ಎಂದು, ಹಳಿಯ ಪಕ್ಕದ ಜಲ್ಲಿ ನೋಡಿ, "ಥೂ, ಜಲ್ಲಿ ತುಂಬಿಲ್ಲ, ಪ್ಯಾಕಿಂಗೇ ಸರಿಯಾಗಿಲ್ಲ" ಎಂದು ಉಗಿದರು.

ಮೂರನೇ ಮಹಡಿ, ಹನ್ನೆರಡನೇ ಬಾಗಿಲು. ನಿಮ್ಮ ಯಜಮಾನರು ಅರ್ಧ ತೆಗೆದರು. ಹೆಸರು ಹೇಳಿದೆ. "ಯದುಗಿರಿ ಇಲ್ಲ. ಪುಣೆಗೆ ಹೋಗಿದಾಳೆ" ಎಂದರು. ಮೂರು ಮಹಡಿ ಹತ್ತಿ ಅಪ್ಪನಿಗೆ ಉಸಿರು ಕಟ್ಟಿತ್ತು. "ಒಂದ್ಲೋಟ ನೀರು ಕೊಡಿ ಸ್ವಾಮಿ" ಎಂದು ಕೇಳಿದರು. "ಕೆಳಗಡೆ ಹೋಟೆಲಿದೆ, ಅಲ್ಲಿ ಸಿಗತ್ತೆ" ಎಂದರು. ಅವರ ಹೆಗಲ ಹಿಂದೆ ಗೋಡೆಗೆ ಕನ್ನಡಿ ಹಾಕಿದ್ದೀರಿ. ಅದರಲ್ಲಿ ನೀವು ಕಂಡಿರಿ. ಬಾಗಿಲ ಹಿಂದೆ, ಕೈಯಲ್ಲಿ ಸೌಟು ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದಿರಿ. ಮೆಟ್ಟಿಲು ಇಳಿಯುವಾಗ ಧನುಶ್ರೀ ಕೇಳಿದಳು, "ಅಮ್ಮ, ಆ ಆಂಟಿ ಯಾಕೆ ಬಚ್ಚಿಟ್ಕೊಂಡಿದ್ರು?" ಅಪ್ಪ ಹೇಳಿದರು, "ಆಟ ಆಡ್ತಿದ್ರು ಕಣ್ ಮಗ."

ಕೊಬ್ಬರಿಯನ್ನು ಕೆಳಗೆ ಹೋಟೆಲಿನವನಿಗೆ ಕೊಟ್ಟೆವು. ಅವನು ಉಡುಪಿಯವನು. ನೀರು ಕೊಟ್ಟ, ಕಾಫಿಯನ್ನೂ ಕೊಟ್ಟ.

ಮುಂಬಯಿಯಲ್ಲಿ ಎಲ್ಲ ನೋಡಿದೆವು. ನಿಮ್ಮಷ್ಟು ಸಣ್ಣದ್ದು ಬೇರೆ ಏನೂ ಕಾಣಲಿಲ್ಲ.

ಭಾಗ್ಯ


ಮಾಟುಂಗಾ, ಮುಂಬಯಿ
೩೧ ಜನವರಿ ೧೯೯೯

ಭಾಗ್ಯ,

ಐದು ಕಾಗದ ಬರೆದು ಹರಿದೆ. ಇದು ಆರನೆಯದು.

ಇಲ್ಲವೆಂದು ಹೇಳಿದ್ದು ಅವರಲ್ಲ, ನಾನೇ ಹೇಳಿಸಿದ್ದು. ನೀರಿನ ಮಾತು ಅವರದು. ಆದರೆ ಕೇಳಿಸಿಕೊಂಡೂ ನಾನು ಈಚೆಗೆ ಬರಲಿಲ್ಲ, ಆದ್ದರಿಂದ ಅದೂ ನನ್ನದೇ.

ಫ್ಲಾಟಿಲ್ಲ. ಒಂದು ಕೋಣೆ, ಹತ್ತಡಿಗೆ ಹನ್ನೆರಡಡಿ. ಕಿಟಕಿಯಿಂದ ಲೋಕಲ್ ಗಾಡಿ ಕಾಣುತ್ತದೆ. ಇವರು ಮ್ಯಾನೇಜರಲ್ಲ, ಸಾಮಾನು ಕಳಿಸುವ ಕಂಪನಿಯಲ್ಲಿ ಗುಮಾಸ್ತರು. ಅತ್ತೆ ಲಕ್ವ ಹೊಡೆದು ಮಲಗಿ ಒಂಬತ್ತು ವರ್ಷ. ತೊಳೆಯುವುದು, ತಿನ್ನಿಸುವುದು, ಮಗ್ಗುಲು ಬದಲಿಸುವುದು ನಾನೇ. ಮಾರ್ಕೆಟ್ಟು, ರೇಷನ್ ಅಂಗಡಿ, ನಲ್ಲಿ, ಇಷ್ಟೇ ನಾನು ಕಂಡ ಮುಂಬಯಿ. ಮೊದಲಿದ್ದ ಬಾಡಿಗೆಯವರು ಕನ್ನಡದಲ್ಲಿರುವ ಒಂದು ಹಳೇ ಮುಂಬಯಿ ಗೈಡು ಪುಸ್ತಕ ಬಿಟ್ಟುಹೋಗಿದ್ದರು, ರಟ್ಟೇ ಇಲ್ಲ. ಮಧ್ಯಾಹ್ನ ಅತ್ತೆ ಮಲಗಿದಾಗ ಅದನ್ನು ಓದುತ್ತಿದ್ದೆ, ಬಾಯಿಪಾಠವಾಗಿತ್ತು. ನಿನಗೆ ಬರೆದದ್ದೆಲ್ಲ ಅದರದ್ದೇ. ಕೊಂಕು ಮಾತ್ರ ನನ್ನ ಸ್ವಂತದ್ದು. ನೋಡದೇ ಇದ್ದುದನ್ನು ಹಳಿಯುತ್ತಿದ್ದರೆ ನೋಡಿ ಬೇಸತ್ತವಳ ಹಾಗೆ ಕಾಣಬಹುದಲ್ಲ.

ಬಾಗಿಲ ಹಿಂದೆ ನಿಂತದ್ದು ಬಡತನದ ನಾಚಿಕೆಗೆ ಎಂದು ಬರೆದರೆ ನೀನು ಕರಗಬಹುದು. ಅರ್ಧ ನಿಜ. ಮೇಲಿನ ಪಡಸಾಲೆಯಿಂದ ನೀವು ಬರುತ್ತಿರುವುದನ್ನು ನೋಡಿದೆ. ನಿಮ್ಮ ತಂದೆಯ ಅಂಗಿಯ ಮೇಲೆ ಬಾಬಾಸಾಹೇಬರ ಚಿತ್ರದ ನೀಲಿ ಬಿಲ್ಲೆ ಇತ್ತು. ನಲ್ಲಿಯ ಹತ್ತಿರ ಹೆಂಗಸರು ನಿಂತಿದ್ದರು, ಅವರು ಅದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವರು ನಮ್ಮ ಮನೆಗೆ ಬಂದವರೆಂದು ಗೊತ್ತಾಗಬಾರದು ಅಂದುಕೊಂಡೆ. ಉಳಿದ ಅರ್ಧ ಇದು. ಇದನ್ನು ಬರೆಯಲಾರದೆಯೇ ಐದು ಕಾಗದ ಹರಿದದ್ದು.

ಹೋದ ಗುರುವಾರ ಪಕ್ಕದ ಕೋಣೆಯ ದ್ರಾಕ್ಷಾಯಣಿಯವರನ್ನು ಅತ್ತೆಯ ಹತ್ತಿರ ಕೂರಿಸಿ, ಒಬ್ಬಳೇ ಚೌಪಾಟಿಗೆ ಹೋದೆ. ಹನ್ನೊಂದು ವರ್ಷದಲ್ಲಿ ಮೊದಲನೆಯ ಸಲ. ಯಾವ ಬಸ್ಸೆಂದು ನಾಲ್ಕು ಜನರನ್ನು ಕೇಳಿದೆ, ಯಾರೂ ಮೇಲೆ ಹತ್ತಿಕೊಂಡು ಹೋಗಲಿಲ್ಲ. ಭೇಲ್‌ಪುರಿ ತಿಂದೆ, ಚೆನ್ನಾಗಿತ್ತು. ಮರಳಿನಲ್ಲಿ ಕೂತಿದ್ದಾಗ ಯಾರಿಗೂ ಹೇಳಿಕೊಳ್ಳಲಾರದಷ್ಟು ಖುಷಿಯಾಯಿತು. ಆಮೇಲೆ ಧನುಶ್ರೀ ಕೇಳಿದ ಮಾತು ನೆನಪಾಯಿತು. ಎದ್ದು ಬಂದೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಯದು


ಹಳೇಬೀಡು
೧೪ ಮಾರ್ಚ್ ೧೯೯೯

ಯದುಗಿರಿ,

ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮಿಬ್ಬರ ನಡುವೆ ಈಗಾಗಲೇ ಅದು ಸಾಕಷ್ಟು ಆಗಿದೆ. ನಿನ್ನ ಕೋಣೆ ಎಷ್ಟಡಿ ಎಂಬುದು ನನಗೆ ಬೇಕಿಲ್ಲ. ನಾನು ಹುಟ್ಟಿದ ಕ್ವಾರ್ಟರ್ಸು ಅದಕ್ಕಿಂತ ಚಿಕ್ಕದು. ಅದರಲ್ಲಿ ಏಳು ಜನ ಇದ್ದೆವು, ಬಂದವರಿಗೆ ನೀರೂ ಇತ್ತು.

ಅತ್ತೆಯನ್ನು ಒಂಬತ್ತು ವರ್ಷ ತೊಳೆದದ್ದಕ್ಕೆ ಮಾತ್ರ ನಿನ್ನ ಬಗ್ಗೆ ಮರ್ಯಾದೆ ಇದೆ.

ಈ ಡಿಸೆಂಬರಿಗೂ ಬರುತ್ತೇವೆ. ಐದನೇ ತಾರೀಕು ಬೆಳಿಗ್ಗೆ ನಿನ್ನ ಮನೆಗೇ ಬರುತ್ತೇವೆ, ಮೂರು ಜನ. ಬ್ಯಾಗು ಅಲ್ಲೇ, ಸ್ನಾನ ಅಲ್ಲೇ, ಊಟ ಅಲ್ಲೇ. ಅಪ್ಪನ ಅಂಗಿಗೆ ಬಿಲ್ಲೆ ಇರುತ್ತದೆ. ಆಗುವುದಿಲ್ಲವೆಂದರೆ ಈಗಲೇ ಬರೆ. ಆಗುತ್ತದೆಂದರೆ ಬರೆಯಬೇಡ, ಬಣ್ಣ ಹೊಡೆಸಲೂ ಬೇಡ.

ಭಾಗ್ಯ


ಮಾಟುಂಗಾ, ಮುಂಬಯಿ
೧೨ ಡಿಸೆಂಬರ್ ೧೯೯೯

ಭಾಗ್ಯ,

ಕ್ಷೇಮವಾಗಿ ತಲುಪಿದಿರೆಂದು ಹೋಟೆಲಿನವರ ಫೋನಿಗೆ ನೀನು ಹೇಳಿದ್ದು ಗೊತ್ತಾಯಿತು.

ನೀವು ಇದ್ದ ಮೂರು ದಿನ ಅತ್ತೆ ಮುಖವನ್ನು ಗೋಡೆಯ ಕಡೆಗೇ ತಿರುಗಿಸಿಕೊಂಡಿದ್ದರು, ನೀನೂ ನೋಡಿದೆ. ನೀವು ಹೋದ ಮೇಲೂ ಮುಖ ಈಚೆಗೆ ತಿರುಗಿಸಿಲ್ಲ. ನಾನೇ ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸುತ್ತಿದ್ದೇನೆ, ಬೆನ್ನು ಹುಣ್ಣಾಗಬಾರದಲ್ಲ. ಇವರು ಮೊದಲ ದಿನ ಆಫೀಸಿನಿಂದ ಬೇಕೆಂತಲೇ ತಡಮಾಡಿ ಬಂದರು. ಎರಡನೆಯ ದಿನ ನಿಮ್ಮ ತಂದೆ ಪಡಸಾಲೆಯಲ್ಲಿ ಕೂತು, ಬರುವ ಗಾಡಿಯ ಶಬ್ದ ಕೇಳಿಯೇ ಇದು ಫಾಸ್ಟು, ಇದು ಸ್ಲೋ ಎಂದು ಹೇಳುತ್ತಿದ್ದರಲ್ಲ, ಆಗ ಇವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಿನ್ನೆ ಕಾಫಿ ಕುಡಿಯುತ್ತಾ, "ಆ ಹಿರಿಯರಿಗೆ ಅವತ್ತು ನೀರು ಕೊಡಬೇಕಿತ್ತು" ಎಂದರು. ನಾನು ಹೌದು ಎಂದೆ. ಅಷ್ಟೇ ಮಾತು.

ಆರನೇ ತಾರೀಕು ಸಾಲಿನಲ್ಲಿ ನಿಮ್ಮ ಜೊತೆ ನಿಂತಾಗ ಮೊದಲ ಎರಡು ಗಂಟೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಬಿಸಿಲಿಗೆ ಅಂತ ಹೇಳಿದೆ. ನಿನಗೆ ತಿಳಿಯಿತು. ಧನುಶ್ರೀ ಕೈ ಹಿಡಿದುಕೊಂಡ ಮೇಲೆ ಸೆರಗು ಹಿಡಿಯಲು ಕೈ ಸಾಲಲಿಲ್ಲ.

ಬುಧವಾರ ನಲ್ಲಿಯ ಹತ್ತಿರ ಅದೇ ಮಾತು. ಈ ಸಲವೂ ಎಂಥ ಗಲೀಜು, ಎಂಥ ನಾತ ಎಂದು ಒಬ್ಬರಾದ ಮೇಲೆ ಒಬ್ಬರು. ವರ್ಷಾವರ್ಷ ನಾನೂ ಅದಕ್ಕೆ ಒಂದು ಮಾತು ಸೇರಿಸುತ್ತಿದ್ದೆ. ಈ ಸಲ, "ನಾನೂ ಹೋಗಿದ್ದೆ" ಎಂದೆ. ನನ್ನ ಹರಕು ಮರಾಠಿ ಅರ್ಥವಾಗಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದೆ. ನನ್ನ ಹಿಂದೆ ನಿಂತಿದ್ದವಳು, ಅವಳ ಎರಡು ಬಾಣಂತನ ಮಾಡಿದವಳು ನಾನು, ತನ್ನ ಕೊಡವನ್ನು ನನ್ನ ಕೊಡದ ಪಕ್ಕದಿಂದ ಎತ್ತಿ ಆಚೆ ಇಟ್ಟುಕೊಂಡಳು. ಒಂದು ಗೇಣು, ಅಷ್ಟೆ.

ಕೊಡ ತುಂಬುವ ತನಕ ಅಲ್ಲೇ ನಿಂತಿದ್ದೆ ಭಾಗ್ಯ.

ಯದು


ಹಳೇಬೀಡು
೨೬ ಡಿಸೆಂಬರ್ ೧೯೯೯

ಯದು,

ಆ ಒಂದು ಗೇಣು ನಿನಗೆ ಹೊಸದು. ನಮ್ಮಪ್ಪ ಅದನ್ನು ಹುಟ್ಟಿದಾಗಿನಿಂದ ಅಳೆದಿದ್ದಾರೆ.

ಕಾಗದ ಓದಿ ಹೇಳಿದೆ, ಈ ಸಲ ಒಂದು ಸಾಲೂ ಬಿಡಲಿಲ್ಲ. "ಅಷ್ಟಕ್ಕೇ ಕಾಗದ ಬರ್ದವ್ಳಾ?" ಎಂದು ಬಹಳ ಹೊತ್ತು ನಕ್ಕರು. ಆಮೇಲೆ, "ಅಳ್ತಾ ಕುಂತಾಳು, ಬ್ಯಾಸಿಗೇಲಿ ಈ ಕಡೆ ಬರಾಕೇಳು. ಹಳೇಬೀಡು ನಾನೇ ತೋರಿಸ್ತೀನಿ" ಎಂದರು.

ಭಾಗ್ಯ